ನಡೆಯಲಾರದವರು ಎರಡನೇ ಮಹಡಿಗೆ ಬಂದ ದಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಸವಿ ಎರಡು ಸಾವಿರದ ನಾಲ್ಕೋ ಐದೋ, ಖಚಿತವಿಲ್ಲ. ಅಂದು ನಾನು ಉಟ್ಟಿದ್ದು ಹಸಿರು ಸೀರೆ ಎಂದು ನನ್ನ ನೆನಪು. ನೀಲಿ ಎಂದು ನಮ್ಮ ಯಜಮಾನರ ವಾದ. ಡೈರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ಎಲ್ಲಕ್ಕೂ ಮೂಲವಾದ ದಿನದ ಪುಟದಲ್ಲಿ ಇರುವುದು ಇಷ್ಟೇ: "ಕೊತ್ತಗೆರೆ. ಸಾಕತ್ತೆ ಎಲ್ಲರನ್ನೂ ಸೇರಿಸಿದ್ದಳು. ಕೆಲಸ ಸಲೀಸು."

ಸಲೀಸಂತೆ!

ಗುಬ್ಬಿಯಲ್ಲಿ ಮನೆ, ತುಮಕೂರಿನ ಕಾಲೇಜೊಂದರಲ್ಲಿ ಪಾಠ. ದಿನವೂ ಬಸ್ಸಿನಲ್ಲಿ ಓಡಾಡಿಕೊಂಡು ನೆಮ್ಮದಿಯಾಗಿದ್ದೆ. ಆಗ ನಮ್ಮ ಕಾಲೇಜಿಗೆ ಒಂದು ಸುತ್ತೋಲೆ ಬಂತು. ತುಮಕೂರಿನಲ್ಲೇ ವೃದ್ಧಾಪ್ಯದ ಅಧ್ಯಯನ ಕುರಿತು ಸಮ್ಮೇಳನ. ಪೋಸ್ಟರ್ ಮಂಡಿಸುವವರಿಗೆ ಸ್ವಾಗತ. ಭಾಷಣ ನನ್ನಿಂದಾಗದು. ಪೋಸ್ಟರ್ ಆದರೇನು? ದೊಡ್ಡ ಹಾಳೆ ತೂಗುಹಾಕಿ ಪಕ್ಕದಲ್ಲಿ ನಿಂತರಾಯಿತು, ಮಾತೆಲ್ಲ ಹಾಳೆಯೇ ಆಡುತ್ತದೆ ಎಂದುಕೊಂಡೆ. ಹಾಳೆ ಆಡಿತು. ನಾನು ಮುಚ್ಚಿಟ್ಟದ್ದನ್ನೂ ಆಡಿತು.

ವಿಷಯ: "ಗ್ರಾಮೀಣ ವೃದ್ಧರ ದೈನಂದಿನ ಸ್ವಾವಲಂಬನೆ." ವೃದ್ಧರನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿರಲಿಲ್ಲ. ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿ ನಮ್ಮಪ್ಪನ ಅಕ್ಕ ಸಾಕಮ್ಮ, ನಮಗೆಲ್ಲ ಸಾಕತ್ತೆ, ಮಗ ಸೊಸೆ ಮೊಮ್ಮಕ್ಕಳ ನಡುವೆ ದರ್ಬಾರು ಮಾಡಿಕೊಂಡಿದ್ದಳು. ಎಪ್ಪತ್ತು ದಾಟಿದ್ದರೂ ಜಗಲಿಯ ಮೇಲೆ ಕೂತು ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ, ಕಟ್ಟು ಕಟ್ಟಿ, ಕುಣಿಗಲ್ಲಿನ ಹೋಟೆಲುಗಳಿಗೆ ತಾನೇ ಹೊತ್ತು ಹಾಕುತ್ತಿದ್ದಳು. ಊರಿನಲ್ಲಿ ಅವಳ ಮಾತಿಗೆ ತೂಕವಿತ್ತು. "ಸಾಕಮ್ಮ ಅಂದ್ಲಾ? ಹಂಗಾರೆ ಆಯ್ತು ಬುಡು" ಎನ್ನುತ್ತಿದ್ದರು. ಈ ಮಾತು ನೆನಪಿರಲಿ. ನಾನು ಕಳೆದದ್ದು ಅದನ್ನೇ.

ನಾನು ಪ್ರಶ್ನಾವಳಿ ಹಿಡಿದು ಹೋದ ದಿನ ಜಗಲಿ ತುಂಬಿತ್ತು. ಯಾಕೆ ಬಂದೆನೆಂದು ಎಲ್ಲರಿಗೂ ಏನೋ ಹೇಳಿದೆ, ಏನೆಂದು ಈಗ ನೆನಪಿಲ್ಲ. ಮೊದಲು ಬಂದವನು ಹನುಮಂತಜ್ಜ. ಆಳೆತ್ತರದ ಹುಲ್ಲಿನ ಹೊರೆ ಹೊತ್ತು ತಂದು, ದೊಪ್ಪನೆ ಇಳಿಸಿ ಕೂತ.

"ಅಜ್ಜ, ಒಬ್ಬರೇ ಎಷ್ಟು ದೂರ ನಡೀತೀರಿ?"

"ನಡೆಯೋದಾ? ಕಾಲೇ ಇಲ್ಲ ಅನ್ಕೊಳವ್ವ. ಬಾಗ್ಲು ದಾಟಕ್ಕೂ ಒಬ್ರು ಹಿಡ್ಕೋಬೇಕು."

ನಾನು ಬರೆದುಕೊಂಡೆ: ನಡೆಯಲಾರರು.

ಮುಂದಿನವಳು ಗೌರಮ್ಮಜ್ಜಿ. ಅಡಿಕೆ ಹೋಳನ್ನು ಕಟಕಟ ಕಡಿಯುತ್ತಾ, "ಬಾಯಲ್ಲಿ ಹಲ್ಲೇ ಇಲ್ಲ ತಾಯಿ, ಗಂಜಿ ಕುಡಿಯೋದು" ಎಂದಳು. ಬರೆದುಕೊಂಡೆ: ಅಗಿಯಲಾರರು. ಮನೆಯಲ್ಲಿ ಯಾರಿದ್ದಾರೆ ಎಂದೆ. "ಯಾರವ್ರೆ? ದಿಕ್ಕಿಲ್ಲದೋಳು ನಾನು." ಹಿಂದೆ ನಿಂತಿದ್ದ ಅವಳ ಮಗ ಹೌದೆಂದು ತಲೆಯಾಡಿಸಿದ. ಅದನ್ನೂ ಬರೆದುಕೊಂಡೆ!

ಪ್ರಶ್ನಾವಳಿಯಲ್ಲಿ "ಉತ್ತರಿಸಲಿಲ್ಲ" ಎಂಬ ಖಾನೆಯೊಂದಿತ್ತು. ಅಂದು ಅದರಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಎಂಥ ಸಹಕಾರ, ಎಂಥ ಮುಕ್ತ ಮನಸ್ಸು ಎಂದು ಬಸ್ಸಿನುದ್ದಕ್ಕೂ ಪುಳಕಗೊಂಡೆ. ಪುಸ್ತಕ, ಪೆನ್ನು ಹಿಡಿದು ಮುದುಕರ ಕಷ್ಟ ಕೇಳಲು ಬರುವವರು ಪಿಂಚಣಿಯವರು ಎಂಬುದು ಊರಿಗೆಲ್ಲ ಗೊತ್ತಿತ್ತು. ಎಂ.ಎ. ಓದಿದ ನನಗೆ ಮಾತ್ರ ಗೊತ್ತಿರಲಿಲ್ಲ.

ಪೋಸ್ಟರನ್ನು ಫ್ಲೆಕ್ಸಿನಲ್ಲೇ ಮಾಡಿಸೋಣ ಎಂದು ತುಮಕೂರಿನ ಅಂಗಡಿಯೊಂದಕ್ಕೆ ಕೊಟ್ಟೆ. ಎಲೆ ಹಚ್ಚುತ್ತಾ ನಗುತ್ತಿರುವ ಸಾಕತ್ತೆಯ ಫೋಟೊ ಮೇಲ್ಗಡೆ ಇರಲಿ ಎಂದೆ. ಸಮ್ಮೇಳನದ ಹಿಂದಿನ ಸಂಜೆ ಸುರುಳಿ ಮನೆಗೆ ತಂದು ಬಿಚ್ಚಿದೆ. ಯಜಮಾನರು ಕಾಫಿ ಲೋಟ ಕೆಳಗಿಟ್ಟರು.

"ಅಯ್ಯೋ, ಸಾಕತ್ತೆ ಯಾವಾಗ ಹೋದ್ರು? ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ನೋಡುತ್ತೇನೆ, ಫೋಟೊದ ಎಡಕ್ಕೊಂದು ದೀಪ, ಬಲಕ್ಕೊಂದು ದೀಪ. ಎರಡೂ ಉರಿಯುತ್ತಿವೆ! ಅಂಗಡಿಗೆ ಫೋನು ಮಾಡಿದೆ. "ವಯಸ್ಸಾದೋರ ಫೋಟೊ ಬಂದ್ರೆ ನಮ್ಮಲ್ಲಿ ಅದೇ ಡಿಸೈನ್ ಮೇಡಂ. ಶ್ರದ್ಧಾಂಜಲಿ ಅಂತ ಬರೆಯೋದು ನೀವೇ ಬಿಟ್ಟಿದ್ರಿ, ನಾವು ಹಾಕ್ಲಿಲ್ಲ" ಎಂದು ಅವನೇ ಉಪಕಾರ ಮಾಡಿದವನಂತೆ ಹೇಳಿದ.

ಮತ್ತೆ ಮಾಡಿಸಲು ಸಮಯವಿರಲಿಲ್ಲ. ದಪ್ಪ ಹಾಳೆಯಲ್ಲಿ ಎರಡು ವೃತ್ತ ಕತ್ತರಿಸಿ, ಬಣ್ಣ ತುಂಬಿ, "ನಡೆಯಬಲ್ಲವರು – ನಡೆಯಲಾರದವರು" ಮತ್ತು "ಅಗಿಯಬಲ್ಲವರು – ಅಗಿಯಲಾರದವರು" ಎಂದು ಬರೆದು, ಸರಿಯಾಗಿ ದೀಪಗಳ ಮೇಲೆ ಅಂಟಿಸಿದೆ.

"ಫ್ಲೆಕ್ಸ್ ಮೇಲೆ ಗೋಂದು ನಿಲ್ಲಲ್ಲ ಕಣೇ."

"ನೀವು ಸುಮ್ನಿರಿ."

ಅವರು ಸುಮ್ಮನಾದರು. ಮದುವೆಯಾದಾಗಿನಿಂದ ಅವರು ಸುಮ್ಮನಾದಾಗಲೆಲ್ಲ ನಾನು ಸೋತಿದ್ದೇನೆ.

ಹೇಳಲು ಮರೆತೆ. ಅದಕ್ಕೆ ನಾಲ್ಕು ದಿನ ಮುಂಚೆ ಸಾಕತ್ತೆಗೆ ಫೋನಿನಲ್ಲಿ ಜಂಬ ಕೊಚ್ಚಿದ್ದೆ: "ಅತ್ತೆ, ನಿಮ್ಮೂರೋರ ವಿಷಯ ಎಲ್ಲ ತುಮಕೂರಲ್ಲಿ ಗೋಡೆ ಮೇಲೆ ಬರುತ್ತೆ. ದೊಡ್ಡ ದೊಡ್ಡೋರು ಬಂದು ನೋಡ್ತಾರೆ!" ದಿನ, ಜಾಗವನ್ನೂ ಬಿಡದೆ ಹೇಳಿದ್ದೆ. ಗೋಡೆಯ ಮೇಲೆ ಬರುವುದು ಏನು? ತಾಲ್ಲೂಕು ಕಚೇರಿ ಕಂಡ ಯಾರಿಗಾದರೂ ಗೊತ್ತು. ಪಿಂಚಣಿ ಮಂಜೂರಾದವರ ಪಟ್ಟಿ.

ಸಮ್ಮೇಳನ ನಡೆದದ್ದು ಎರಡನೇ ಮಹಡಿಯ ಹಾಲಿನಲ್ಲಿ. ಬೆಂಗಳೂರಿನಿಂದ ಬಂದಿದ್ದ ಹಿರಿಯ ಪ್ರೊಫೆಸರ್ ಒಬ್ಬರು ನನ್ನ ಪೋಸ್ಟರಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. "ತುಂಬಾ ಶೋಚನೀಯ ಸ್ಥಿತಿ. ಒಂದು ಊರಿನಲ್ಲಿ ಹೆಚ್ಚುಕಡಿಮೆ ಯಾರೂ ನಡೆಯಲಾರರೇ?" ಎಂದರು.

"ಹೌದು ಸರ್" ಎಂದು ನಾನು ದುಃಖದ ಮುಖ ಮಾಡಿದೆ.

ಅಷ್ಟರಲ್ಲಿ ಮೆಟ್ಟಿಲಿನ ಕಡೆ ಗದ್ದಲ. ಮೊದಲು ಬಂದವನು ಹನುಮಂತಜ್ಜ, ಎರಡೆರಡು ಮೆಟ್ಟಿಲು ಹಾರಿಕೊಂಡು! ಹಿಂದೆ ಗೌರಮ್ಮಜ್ಜಿ, ಕೈಯಲ್ಲಿ ಅರ್ಧ ಕಡಿದ ಸೀಬೆಹಣ್ಣು. ಕೊನೆಗೆ, ಹೊಸ ಸೀರೆಯುಟ್ಟ ಸಾಕತ್ತೆ. ಒಟ್ಟು ಏಳೆಂಟು ಜನ.

"ಇವರು?" ಎಂದರು ಪ್ರೊಫೆಸರ್.

"ಇವರೇ ಸರ್... ಆ ನಡೆಯಲಾರದವರು."

"ಹೇಗೆ ಬಂದಿರಿ ಯಜಮಾನರೇ?"

"ಬಸ್‌ಸ್ಟ್ಯಾಂಡಿಂದ ಆಟೋದೋನು ಜಾಸ್ತಿ ಕೇಳ್ದ ಸ್ವಾಮಿ. ಅದ್ಕೇ ಬಿರಬಿರನೆ ನಡ್ಕೊಂಡೇ ಬಂದ್ಬುಟ್ವಿ" ಎಂದ ಹನುಮಂತಜ್ಜ. ಆಮೇಲೆ ನನ್ನ ಮುಖ ನೋಡಿ, ಏನೋ ನೆನಪಾದವನಂತೆ ಮೊಣಕಾಲು ಹಿಡಿದುಕೊಂಡು "ಅಮ್ಮಾ" ಎಂದು ನರಳಿದ.

ಸಾಕತ್ತೆ ಪೋಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ ಹೆಸ್ರು ಎಲ್ಲೈತೆ ಮಗಾ?"

"ಹೆಸರು ಹಾಕೋ ಹಂಗಿಲ್ಲ ಅತ್ತೆ. ಸಂಶೋಧನೆಯ ನಿಯಮ."

"ಹೆಸ್ರಿಲ್ದೆ ಯಾರ್ಗೆ ಅಂತ ಕೊಡ್ತಾರೆ?"

"ಏನು ಕೊಡೋದು?"

"ಪಿಂಚಣಿ ಕಣೇ!"

ಹಾಲಿನ ಫ್ಯಾನು ಆಗ ಜೋರಾಯಿತೋ, ಮೊದಲೇ ಜೋರಾಗಿತ್ತೋ ನೆನಪಿಲ್ಲ. "ನಡೆಯಲಾರದವರು" ಮೆಲ್ಲನೆ ಕಳಚಿ ನೆಲಕ್ಕೆ ಬಿದ್ದರು. ಹಿಂದೆಯೇ "ಅಗಿಯಲಾರದವರು." ಎರಡೂ ದೀಪಗಳು ಬೆಳಗಿದವು. ನಡುವೆ ಸಾಕತ್ತೆಯ ನಗುಮುಖ.

ಸಾಕತ್ತೆಗೆ ಓದು ಬಾರದು. ದೀಪ ಓದಲು ಅಕ್ಷರ ಬೇಕಿಲ್ಲ. "ಪಿಂಚಣಿ ಬರಾಕೆ ಮುಂಚೇನೇ ನನ್ನ ಕಳ್ಸ್‌ಬುಟ್ಯೇನೇ?" ಎಂದಳು.

ಹಾಲೆಲ್ಲ ನಕ್ಕಿತು. ಪ್ರೊಫೆಸರೂ ನಕ್ಕು, "ಮಾಹಿತಿ ಇನ್ನೊಮ್ಮೆ ಸಂಗ್ರಹಿಸಿ ಅಮ್ಮಾ" ಎಂದು ಮುಂದಿನ ಪೋಸ್ಟರಿಗೆ ಹೋದರು. ಸಾಕತ್ತೆಯೂ ನಕ್ಕಳೆಂದೇ ನಾನು ಬಹಳ ವರ್ಷ ನಂಬಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ಪಿಂಚಣಿ ಇಲ್ಲ, ಇದು ಬರೀ ಅಧ್ಯಯನ ಎಂದು ವರಾಂಡದಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದೆ. ಯಾರೂ ನನ್ನ ಮೇಲೆ ರೇಗಲಿಲ್ಲ. ಎಲ್ಲರೂ ಸಾಕತ್ತೆಯ ಕಡೆ ತಿರುಗಿದರು. "ನೀನು ಅಂದೆ ಅಂತ ಬಂದ್ವಲ್ಲ ಸಾಕಮ್ಮ" ಎಂದಳು ಗೌರಮ್ಮಜ್ಜಿ. ಸಾಕತ್ತೆ ನನ್ನತ್ತ ಬೆರಳು ತೋರಿಸಬಹುದಿತ್ತು. "ನಂದೇ ತಪ್ಪು ಕಣ್ರವ್ವ, ನಡೀರಿ" ಎಂದು ಮುಂದೆ ನಡೆದಳು.

ಆಮೇಲೆ ಊರಲ್ಲಿ ಅವಳಿಗೆ "ಪಿಂಚಣಿ ಸಾಕಮ್ಮ" ಎಂದು ಹೆಸರು ಬಿತ್ತು. ಜಗಲಿಯಲ್ಲಿ ಕೂಡುತ್ತಿದ್ದವರು ಕಡಿಮೆಯಾದರು. ಪ್ರಾಯಶ್ಚಿತ್ತಕ್ಕೆಂದು ನಾನು ನಿಜವಾದ ಅರ್ಜಿಗಳನ್ನೇ ತಂದು ತುಂಬಿದೆ. ಎಷ್ಟೋ ಓಡಾಡಿದ ಮೇಲೆ ಕೆಲವರಿಗೆ ಬಂತು. ಹನುಮಂತಜ್ಜನ ಅರ್ಜಿಯನ್ನು ಅವನೇ ಕುಣಿಗಲ್ಲಿಗೆ ನಡೆದು ಹೋಗಿ ಕೊಟ್ಟುಬಂದ. ಸಾಕತ್ತೆ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ. "ದೀಪ ಹಚ್ಚಿದ್ಮೇಲೆ ನಂಗ್ಯಾಕೆ ಬುಡು" ಎಂದಳು.

ವೃದ್ಧರ ಸ್ವಾವಲಂಬನೆಯನ್ನು ಅಳೆಯಲು ಹೋದವಳು ನಾನು. ಇನ್ನೊಬ್ಬರ ತಪ್ಪನ್ನು ಹೊತ್ತು ನಡೆಯಬಲ್ಲರೇ ಎಂಬ ಖಾನೆ ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಎಷ್ಟೋ ದಿನದ ಮೇಲೆ ಅವಳ ಪಕ್ಕ ಕೂತು ನಾನೂ ಒಂದು ಎಲೆ ಹಚ್ಚಿದೆ. ಅದು ಸಾರು ನಿಲ್ಲುವಂಥದ್ದಲ್ಲ ಎಂದು ಅವಳು ಬಿಚ್ಚಿ ಹಾಕಿದಳು. ಆಗ ಧೈರ್ಯ ಮಾಡಿ ಒಂದು ಮಾತು ಕೇಳಿದೆ. ಅವಳು ಇನ್ನೊಂದು ಎಲೆ ತೆಗೆದುಕೊಂಡು ಕಡ್ಡಿ ಚುಚ್ಚಿದಳು. ಉತ್ತರ ನನ್ನ ಡೈರಿಯಲ್ಲೂ ಇಲ್ಲ.

"ಅತ್ತೆ, ಅವತ್ತು ಜಗಲಿ ಮೇಲೆ ಪಿಂಚಣಿ ಅನ್ನೋ ಮಾತು ಮೊದಲು ಆಡಿದ್ದು ನೀನಾ, ನಾನಾ?"