ಮಾವನ ಕೋವಿಯನ್ನು ಪೇಟೆಯಲ್ಲಿಟ್ಟದ್ದು

ಹಿರಿಯರಿಂದ ಏನು ಬರಬೇಕೆಂದು ನಾವು ಆರಿಸಿಕೊಳ್ಳುವ ಹಾಗಿಲ್ಲ. ಕೆಲವರಿಗೆ ಗದ್ದೆ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನಮ್ಮ ಆಫೀಸಿನ ಹೆಡ್ ಕ್ಲಾರ್ಕರಿಗೆ ಅವರ ಅಜ್ಜನ ಗೊರಕೆ ಬಂದಿತ್ತು. ನನಗೆ ಬಂದದ್ದು ಕೋವಿ. ಹಲ್ಲಿ ಕೆಳಗೆ ಬಿದ್ದರೆ ಕುರ್ಚಿ ಹತ್ತುವ, ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಏನೋ ನೆಪ ಹೇಳಿ ಅಡುಗೆಮನೆಯಿಂದ ಹೊರಗೆ ಬರುವ ನನಗೆ ಒಂಟಿ ನಳಿಗೆಯ ಕೋವಿ! ನಮ್ಮ ಜನರಲ್ಲಿ ಸೋದರಮಾವನದು ಅಳಿಯನಿಗೆ ಎಂಬುದು ಹಳೆಯ ಕಟ್ಟಳೆ. ಕಾನೂನು ಎಂದೋ ಬದಲಾಗಿತ್ತು, ಆದರೆ ಆ ಸುದ್ದಿ ನನ್ನ ಮಾವನ ಕಿವಿಗೆ ಬಿದ್ದಿರಲಿಲ್ಲ. ಅವರಿಗೆ ಮಕ್ಕಳೂ ಇರಲಿಲ್ಲ. "ನನ್ನ ನಂತರ ಇದು ಸದಾಶಿವನಿಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಬೆವರು ಒರೆಸಿಕೊಂಡು ನಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಊರಿನ ಗದ್ದೆಗಳೆಲ್ಲ ಒಕ್ಕಲುಗಳ ಹೆಸರಿಗೆ ಆದ ಮೇಲೆ ಮಾವ ಮತ್ತು ಮಾಮಿ ಕದ್ರಿಯ ನನ್ನ ಬಾಡಿಗೆ ಮನೆಗೆ ಬಂದರು. ತಂದದ್ದು ಎರಡು ಟ್ರಂಕು, ಸೇಮಿಗೆ ಒತ್ತುವ ಮಣೆ, ಮತ್ತು ಕೋವಿ. ಕದ್ರಿಯಲ್ಲಿ ಕಾಡುಹಂದಿ ಇಲ್ಲವೆಂಬ ವಿಷಯವನ್ನು ಮಾವ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸಂಜೆ ಜಗಲಿಯಲ್ಲಿ ಕುಳಿತು ಕೋವಿಯನ್ನು ತೊಡೆಯ ಮೇಲಿಟ್ಟು, ಹಳೆಯ ಬನಿಯನ್ನಿನಿಂದ ಅದರ ಮೈ ಒರೆಸುತ್ತ, ಹಂದಿ ಬೇಟೆಯ ಕಥೆ ಹೇಳುತ್ತಿದ್ದರು. ಹಂದಿ ಯಾವ ತಗ್ಗಿನಿಂದ ಹತ್ತಿ ಬಂತು, ತಾನು ಗದ್ದೆಯಂಚಿನ ಯಾವ ಕಟ್ಟಪುಣಿಯ ಹಿಂದೆ ಉಸಿರು ಕಟ್ಟಿ ಕುಳಿತೆ, ಗಾಳಿ ಯಾವ ಕಡೆಗಿತ್ತು, ಎಲ್ಲವೂ ಅದರಲ್ಲಿರುತ್ತಿದ್ದವು. ಬಾಲ್ಯದಲ್ಲಿ ರಜೆಗೆ ಹೋದಾಗ ನಾನು ಬಾಯಿ ತೆರೆದು ಕೇಳಿದ ಕಥೆಗಳನ್ನೇ ಈಗ ನನ್ನ ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಒಳಗೆ ಅಲಸಂಡೆ ಮುರಿಯುತ್ತ ಕುಳಿತ ಮಾಮಿ, ಕಥೆ ಸ್ವಲ್ಪ ತಡವರಿಸಿದ ಕಡೆ "ಹೌದು, ಅದು ದೊಡ್ಡ ಕೋರೆಯದ್ದು" ಎಂದು ಸೇರಿಸುತ್ತಿದ್ದರು. ನನ್ನ ಹೆಂಡತಿ ಜಲಜಳಿಗೆ ಮಾತ್ರ ಕೋವಿ ಕಂಡರೆ ಆಗುತ್ತಿರಲಿಲ್ಲ. ಆದರೆ ಮಾವ ಕಥೆ ಹೇಳುವಾಗ ಅವಳೂ ಬಾಗಿಲಿನ ಹತ್ತಿರ ಬಂದು ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಮಾವ ಚಹಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿದ ವಾರದಲ್ಲಿಯೇ ಪೊಲೀಸಿನವರೊಬ್ಬರು ಮನೆಗೆ ಬಂದು ತುಂಬಾ ಮರ್ಯಾದೆಯಿಂದ ಹೇಳಿದರು: "ಲೈಸೆನ್ಸ್ ಇದ್ದವರು ತೀರಿಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಮಾರಾಯ್ರೇ. ಠಾಣೆಯಲ್ಲಿ ಇಡಿ, ಇಲ್ಲದಿದ್ದರೆ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಇಟ್ಟು ರಸೀದಿ ತೆಗೊಳ್ಳಿ. ನಿಮ್ಮ ಹೆಸರಿಗೆ ಲೈಸೆನ್ಸ್ ಆದ ಮೇಲೆ ಬಿಡಿಸಿಕೊಳ್ಳಬಹುದು." ಕೊನೆಯ ವಾಕ್ಯ ನನಗೆ ಬೇಡವಾಗಿತ್ತು. ಉಳಿದದ್ದೆಲ್ಲ ದೇವರೇ ಬಂದು ಹೇಳಿದ ಹಾಗಿತ್ತು.

ಮರುದಿನವೇ ಹೊರಟೆ. ಕೋವಿಯನ್ನು ಚಾಪೆಯಲ್ಲಿ ಸುತ್ತಿ ಹಗ್ಗ ಕಟ್ಟಿದೆ. ಹಳೆಯ ತೋಟೆಗಳ ಪೆಟ್ಟಿಗೆಯನ್ನು ಜಲಜ ದೂರದಿಂದಲೇ ಕೈ ಚಾಚಿ ಚೀಲಕ್ಕೆ ಹಾಕಿದಳು. ಮಾಮಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೇನೆ."

"ನೀವು ಎಂತಕ್ಕೆ ಮಾಮಿ ಈ ಬಿಸಿಲಿಗೆ?"

"ಅವರ ಕೋವಿ ಅಲ್ವಾ. ನಾಲ್ಕು ಹೆಜ್ಜೆ ಕಳಿಸಿ ಬರ್ತೇನೆ."

ರಿಕ್ಷಾದಲ್ಲಿ ಚಾಪೆಯನ್ನು ನಮ್ಮಿಬ್ಬರ ಮಡಿಲಿಗೆ ಅಡ್ಡವಾಗಿ ಮಲಗಿಸಿಕೊಂಡೆವು. ಹೊಂಡ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ, ಮಾಮಿ ಚಾಪೆಯನ್ನು ಮೆಲ್ಲಗೆ ತಟ್ಟುತ್ತಿದ್ದರು. "ಎಂತ ಉಂಟು ಅದರಲ್ಲಿ, ಕೊಡೆಯಾ?" ಎಂದು ರಿಕ್ಷಾದವನು ಕೇಳಿದ. ನಾನು ಹೌದೆಂದೆ. ಸುಳ್ಳು ಹೇಳುವಾಗ ನನ್ನ ಸ್ವರ ಹೆಣ್ಣುಮಕ್ಕಳದ್ದರ ಹಾಗೆ ತೆಳ್ಳಗಾಗುತ್ತದೆ ಎಂದು ಅಂದು ಗೊತ್ತಾಯಿತು.

ಕೋವಿ ಅಂಗಡಿ ಪೇಟೆಯ ಒಂದು ಇಳಿಜಾರಿನ ರಸ್ತೆಯಲ್ಲಿತ್ತು. ಯಜಮಾನರು ವಯಸ್ಸಾದ ಕ್ರಿಶ್ಚಿಯನರು. ತುಳುವಿನಲ್ಲಿ ಅವರ ಸಮಾಜದ ಹಿರಿಯರನ್ನು ಮರ್ಯಾದೆಯಿಂದ ಪೊರ್ಬುಗಳು ಅನ್ನುತ್ತೇವೆ. ಅವರನ್ನೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಸರಪಳಿ ಹಾಕಿ ಬೀಗ ಜಡಿದ ಕೋವಿಗಳು, ಪ್ರತಿಯೊಂದರ ಕುತ್ತಿಗೆಗೂ ಒಂದು ಚೀಟಿ. ಆಸ್ಪತ್ರೆಯ ಜನರಲ್ ವಾರ್ಡಿನ ಹಾಗೆ ಕಂಡಿತು. ಪೊರ್ಬುಗಳು ಮಾವನ ಲೈಸೆನ್ಸ್ ಪುಸ್ತಕ, ಮರಣದ ಸರ್ಟಿಫಿಕೇಟು ನೋಡಿದರು. ಕೋವಿಯ ನಂಬರ್ ತಾಳೆ ಹಾಕಿದರು, ಪೆಟ್ಟಿಗೆಯ ತೋಟೆ ಎಣಿಸಿದರು. "ಇದನ್ನೊಮ್ಮೆ ತೆರೆದು ನೋಡಬೇಕು, ಒಳಗೆ ತೋಟೆ ಉಂಟಾ ಅಂತ" ಎಂದು ಕೋವಿಯನ್ನು ನಳಿಗೆಯ ಬುಡದಲ್ಲಿ ಮಡಚಲು ಹೋದರು. ಅದು ಮಡಚಲಿಲ್ಲ. ಎಣ್ಣೆ ಬಿಟ್ಟು, ಮೊಣಕಾಲಿಗೆ ಒತ್ತಿ, ಉಸಿರು ಬಿಗಿಹಿಡಿದು ಎಳೆದ ಮೇಲೆ ಕರ್ರ್ ಎಂದು ತೆರೆಯಿತು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ನಳಿಗೆಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರು. ಒಣಗಿದ ಮಣ್ಣಿನ ಹೆಂಟೆಯೊಂದು ಉದುರಿತು. ಅದರೊಳಗೆ ಕಣಜದ ಹುಳದ ಹಳೆಯ ಗೂಡು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾಮಿಯ ಮುಖ ಕಂಡಿತು. ಅವರು ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಪೊರ್ಬುಗಳನ್ನೇ ನೋಡುತ್ತಿದ್ದರು. ಬೊಜ್ಜದ ದಿನ ಅಳದೆ ನೂರು ಜನರಿಗೆ ಊಟ ಬಡಿಸಿದ ಹೆಂಗಸು ಈಗ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತಿದ್ದರು.

ಪೊರ್ಬುಗಳು ಮಣ್ಣನ್ನು ಅಂಗೈಯಿಂದ ಗುಡಿಸಿ ಬುಟ್ಟಿಗೆ ಹಾಕಿದರು.

"ಒಳ್ಳೆ ಕೆಲಸ ಮಾಡಿದ ಕೋವಿ ಅಮ್ಮಾ ಇದು. ನೋಡಿದರೇ ಗೊತ್ತಾಗ್ತದೆ. ನಿಮ್ಮ ಯಜಮಾನರು ಗಟ್ಟಿ ಕೈಯವರು."

"ಹೌದು" ಎಂದರು ಮಾಮಿ. "ತುಂಬ ಹಂದಿ ಹೊಡೆದಿದ್ದಾರೆ."

ಪೊರ್ಬುಗಳು ರಸೀದಿ ಬರೆದು, "ಕೋವಿ ಒಳ್ಳೆ ಸ್ಥಿತಿಯಲ್ಲಿ ಉಂಟು ಅಂತ ಬರೆದಿದ್ದೇನೆ ಅಮ್ಮಾ" ಎಂದು ಓದಿ ಹೇಳಿ ನನ್ನ ಕೈಗೆ ಕೊಟ್ಟರು. ರಸೀದಿ ಇಂಗ್ಲಿಷಿನಲ್ಲಿತ್ತು. ನಳಿಗೆ ಕಟ್ಟಿಹೋಗಿದೆ, ತುಕ್ಕು ಹಿಡಿದಿದೆ, ಉಪಯೋಗಕ್ಕೆ ಬಾರದು, ತೋಟೆಗಳು ಪೆಟ್ಟಿಗೆ ತುಂಬ ಹಾಗೆಯೇ ಇವೆ, ಒಂದು ಮಾತ್ರ ಕಡಿಮೆ ಎಂದು ಕಾನೂನು ಪ್ರಕಾರ ಚೊಕ್ಕವಾಗಿ ಬರೆದಿದ್ದರು. ನಾನು ಅದನ್ನು ಓದಿ, ನಾಲ್ಕಾಗಿ ಮಡಚಿ, ಕಿಸೆಯ ತಳಕ್ಕೆ ತಳ್ಳಿದೆ.

ಹೊರಗೆ ಬಂದು ಹತ್ತಿರದ ಹೋಟೆಲಿಗೆ ನುಗ್ಗಿ ಎರಡು ಪ್ಲೇಟ್ ಗೋಳಿಬಜೆ ಹೇಳಿದೆ. ಮಾಮಿ ಒಂದನ್ನು ಮುರಿದು ಆವಿ ಹೋಗುವುದನ್ನು ನೋಡುತ್ತ ಕುಳಿತರು. ಆಮೇಲೆ ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಅದರ ಅರ್ಧ ರುಚಿ ಹೋಗುತ್ತದೆ.

"ಪೊರ್ಬುಗಳು ಒಳ್ಳೆ ಜನ. ಆದರೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ ಪಾಪ. ಕಿವಿ ಕೆಂಪಾಯ್ತು."

ನಾನು ಚಟ್ನಿಯನ್ನೇ ನೋಡಿದೆ.

"ನಿನ್ನ ಮಾವ ಅದನ್ನು ಹೊಡೆದದ್ದು ಒಂದೇ ಸಲ. ತಂದ ದಿನ, ಆಕಾಶಕ್ಕೆ. ಆ ಶಬ್ದಕ್ಕೆ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ದೀಪಾವಳಿಗೆ ಪಟಾಕಿ ಹೊಡೆದರೆ ದನದ ಹಟ್ಟಿಗೆ ಹೋಗಿ ಕೂತ್ಕೊಳ್ಳುವ ಜನ ಅವರು. ದನಗಳಿಗೆ ಹೆದರಿಕೆ ಆಗ್ತದೆ ಅಂತ ಹೇಳುವುದು."

"ಮತ್ತೆ ಹಂದಿಗಳು?"

"ಹಂದಿ ಓಡಿಸಿದ್ದು ನಾನು. ತಗಡಿನ ಡಬ್ಬ ಬಡಿದು. ಬಂದು ಅವರಿಗೆ ಹೇಳ್ತಿದ್ದೆ, ಹಂದಿ ಹೀಗೆ ಬಂತು, ನಾನು ಕಟ್ಟಪುಣಿಯ ಹಿಂದೆ ಕೂತೆ ಅಂತ. ಅವರು ಅದನ್ನೇ ಸ್ವಲ್ಪ ಉದ್ದ ಮಾಡಿ ನಿಮಗೆ ಹೇಳ್ತಿದ್ದರು."

"ಇಷ್ಟು ವರ್ಷ ನೀವು ಯಾರಿಗೂ ಹೇಳ್ಲಿಲ್ಲವಾ ಮಾಮಿ?"

"ಎಂತಕ್ಕೆ ಹೇಳುವುದು? ಕಥೆ ಹೇಳುವಾಗ ಅವರ ಮುಖ ನೀನು ನೋಡಿದ್ದೀ ಅಲ್ಲ?" ಎಂದು ಮಾಮಿ ತಲೆ ತಗ್ಗಿಸಿದರು. ಬೊಜ್ಜದ ದಿನ ಬಾರದ ಕಣ್ಣೀರು ಆ ಹೋಟೆಲಿನ ಮೇಜಿನ ಮೇಲೆ, ನೀರಿನ ಲೋಟದ ಪಕ್ಕದಲ್ಲಿ ಬಿತ್ತು. ನನಗೆ ಏನು ಮಾಡಬೇಕೆಂದು ತೋಚದೆ ನನ್ನ ಪ್ಲೇಟಿನ ಗೋಳಿಬಜೆಯನ್ನೂ ಅವರ ಪ್ಲೇಟಿಗೆ ಹಾಕಿದೆ. ಅವರು ಅಳುತ್ತಲೇ ಅದನ್ನೂ ತಿಂದರು. ಕೊನೆಗೆ ಕೈ ತೊಳೆದು ಬಂದು, "ನೀನು ಲೈಸೆನ್ಸ್‌ಗೆಲ್ಲ ಅರ್ಜಿ ಹಾಕಲು ಹೋಗಬೇಡ. ಅದು ಪೊರ್ಬುಗಳ ಹತ್ತಿರವೇ ಇರಲಿ. ಒಳ್ಳೆಯ ಗಿರಾಕಿ ಬಂದರೆ ಕೊಡ್ಲಿಕ್ಕೆ ಹೇಳು" ಎಂದರು. ನಾನು ಹೆದರುಪುಕ್ಕಲ ಎಂಬುದು ಅವರಿಗೆ ಗೊತ್ತಿತ್ತೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದಾಗ ಜಲಜ, "ಪೊರ್ಬುಗಳು ಎಂತ ಹೇಳಿದ್ರು?" ಎಂದಳು. "ಒಳ್ಳೆ ಕೆಲಸ ಮಾಡಿದ ಕೋವಿಯಂತೆ" ಎಂದೆ. ಅವಳು ಮಾಮಿಯ ಮುಖ ನೋಡಿದಳು. ಮಾಮಿ ಅವಳ ಮುಖ ನೋಡಿದರು. ಇಬ್ಬರೂ ಏನೂ ಆಗದವರಂತೆ ಒಳಗೆ ಹೋದರು. ಹೆಂಗಸರ ನಡುವೆ ಇಂಥ ವಿಷಯ ಎಷ್ಟು ವರ್ಷದಿಂದ ನಡೆಯುತ್ತಿದೆಯೋ ನಾನರಿಯೆ.

ಮುಂದಿನ ಭಾನುವಾರ ಮಗಳು ಹಠ ಮಾಡಿದಳೆಂದು ಎಲ್ಲರೂ ಪಣಂಬೂರಿನ ಕಡಲಿಗೆ ಹೋದೆವು. ಅಂದು ಕಡಲು ಬಟ್ಟಲಲ್ಲಿಟ್ಟ ಎಣ್ಣೆಯ ಹಾಗೆ ನಿಶ್ಚಲವಾಗಿತ್ತು. ಮಗಳು, "ಅಪ್ಪ, ನೀವು ಕಾಲೇಜಿನಲ್ಲಿ ಈಜುವುದರಲ್ಲಿ ಫಸ್ಟ್ ಅಲ್ವಾ, ಒಮ್ಮೆ ಈಜಿ ತೋರಿಸಿ" ಎಂದಳು. ಮದುವೆಗೆ ಮೊದಲು, ಹೆಣ್ಣು ನೋಡಲು ಹೋದ ದಿನ, ಮಾತು ಸಿಗದೆ ನಾನು ಜಲಜಳಿಗೆ ಹಾಗೆಂದು ಹೇಳಿದ್ದು ನಿಜ. ಮೊಣಕಾಲಿಗಿಂತ ಆಳದ ನೀರಿಗೆ ನಾನು ಈ ಜನ್ಮದಲ್ಲಿ ಇಳಿದವನಲ್ಲ ಎಂಬುದೂ ನಿಜ. ನಾನು ಮೆಲ್ಲಗೆ ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿದೆ.

"ಬೇಡ, ಬೇಡ" ಎಂದಳು ಜಲಜ, ಕಡಲಿನ ಕಡೆ ನೋಡದೆಯೇ, ಚುರುಮುರಿಯ ಪೊಟ್ಟಣ ಬಿಚ್ಚುತ್ತ. "ಇವತ್ತು ಅಲೆ ಜಾಸ್ತಿ ಉಂಟು. ನೀವು ಇಳಿಯುವುದು ಬೇಡ."

ಹದಿನೈದು ವರ್ಷದಿಂದ ಪ್ರತಿ ಸಲವೂ ಅವಳು ಹೇಳುತ್ತ ಬಂದದ್ದು ಅದೇ ಮಾತು. ಪಣಂಬೂರಿನಲ್ಲಿ ಅಲೆ ಯಾವಾಗಲೂ ಜಾಸ್ತಿ ಎಂದೇ ಅಂದಿನವರೆಗೆ ನಾನು ನಂಬಿದ್ದೆ.