ದೊರೆ ಕೂತ ಕುರ್ಚಿ

ಬೆಳಿಗ್ಗೆ ಆನಂದಪ್ಪನವರು ವಾಚನಾಲಯಕ್ಕೆ ಬಂದಾಗ ಅವರ ಕುರ್ಚಿಯ ಬೆನ್ನಿಗೆ ಯಾರೋ ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದಿದ್ದರು.

ಯಲಹಂಕದ ಹಳೇ ಊರಿನ ಆ ಕಲ್ಲುಕಟ್ಟಡವನ್ನು ರಿಪೇರಿ ಮಾಡಿ, ಹಿಂದುಗಡೆ ಇನ್ನೊಂದು ಹಜಾರ ಸೇರಿಸುವ ಕೆಲಸಕ್ಕೆ ಇಂಜಿನಿಯರ್ ವನಿತಾ ಬಂದಿದ್ದಳು. ಊರಿನವರನ್ನು ಕೇಳದೆ ಒಂದು ಕಲ್ಲನ್ನೂ ಕದಲಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಸಂಜೆಗೆ ಸಭೆ. ಅಷ್ಟರೊಳಗೆ ಹಳೇ ಸಾಮಾನಿಗೆಲ್ಲ ಗುರುತು ಹಾಕುತ್ತಿದ್ದಳು. ಸೊನ್ನೆ ಹಾಕಿದ್ದು ಉಳಿಯುತ್ತದೆ, ಅಡ್ಡಗೀಟು ಬಿದ್ದದ್ದು ಗುಜರಿಗೆ.

ಆನಂದಪ್ಪನವರು ಸಿಟಿ ಬಸ್ಸಿನ ಕಂಡಕ್ಟರಾಗಿ ಆಯುಷ್ಯವೆಲ್ಲ ನಿಂತೇ ಸವೆಸಿದವರು. ರಿಟೈರಾದ ಮೇಲೆ ದೇವರಲ್ಲಿ ಬೇಡಿದ್ದು ಕೂರುವುದಕ್ಕೊಂದು ಜಾಗ, ಅಷ್ಟೇ. ಅದು ಸಿಕ್ಕಿದ್ದು ಇಲ್ಲಿ, ಹೊಂಗೆಮರದ ಗಾಳಿ ಬರುವ ಕಿಟಕಿಯ ಪಕ್ಕದ, ಬೆತ್ತ ಹೆಣೆದ ಮರದ ಕುರ್ಚಿಯಲ್ಲಿ. ದಿನಾ ಬಂದವರೇ ಹೆಗಲ ಮೇಲಿನ ಟವೆಲನ್ನು ಅದರ ಮೇಲೆ ಹಾಕಿ ಸೀಟು ಹಿಡಿದು, ಆಮೇಲೆ ಪೇಪರ್ ಹುಡುಕಲು ಹೋಗುವರು. ಜನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ವರ್ಷಗಟ್ಟಲೆ ನಿಂತು ನೋಡಿದವರಿಗೆ ಅದೊಂದು ಸುಖ.

"ಏನಮ್ಮಾ ಇದು, ನನ್ ಕುರ್ಚಿಗೆ ಅಡ್ಡಗೀಟು?"

"ಕಾಲು ಅಲ್ಲಾಡ್ತಿದೆ ಅಂಕಲ್. ಹೊಸ ಬೆಂಚ್ ಬರ್ತವೆ. ಹಳೇದ್ರಲ್ಲಿ ಚರಿತ್ರೆ ಇರೋದು ಮಾತ್ರ ಉಳಿಸ್ಕೊಳ್ತೀವಿ."

ಬೆಂಚಿಗೆ ಕೈಯಿಲ್ಲ, ಬೆನ್ನಿಲ್ಲ. ಬೆನ್ನಿಲ್ಲದ ಕಡೆ ಮಧ್ಯಾಹ್ನದ ನಿದ್ದೆ ಎಲ್ಲಿಂದ ಬರಬೇಕು?

"ಇದಕ್ಕಿರೋ ಚರಿತ್ರೆ ಯಾವುದಕ್ಕಿದೆ ಕಣಮ್ಮಾ? ಈ ಕಟ್ಟಡ ಓಪನ್ ಮಾಡೋಕೆ ಬಿಳೀ ದೊರೆ ಬಂದಿದ್ನಲ್ಲ, ಕೂತಿದ್ದು ಇದರಲ್ಲೇ."

ಸುಳ್ಳು ಬಾಯಿಂದ ಜಾರಿಬಿಟ್ಟಿತ್ತು. ಟಿಕೆಟಿಲ್ಲದೆ ಸಿಕ್ಕಿಬಿದ್ದವರ ಮುಖಗಳನ್ನು ಎಷ್ಟೋ ನೋಡಿದ್ದರು. ಈಗ ಅಂಥದೇ ಮುಖ ಹೊತ್ತು ನಿಂತಿದ್ದರು.

ವನಿತಾ ಕಣ್ಣರಳಿಸಿದಳು. "ಹೌದಾ? ಹಾಗಾದ್ರೆ ಸಂಜೆ ಕೇಳೋಣ. ಬೇರೆಯವರೂ ಹೇಳಿದ್ರೆ ಗುಜರಿಗೆ ಹಾಕಲ್ಲ."

ಆನಂದಪ್ಪನವರು ಟವೆಲನ್ನು ಕುರ್ಚಿಯ ಮೇಲೇ ಬಿಟ್ಟು ಎದುರಿನ ಟೀ ಅಂಗಡಿಗೆ ಓಡಿದರು. ಬೈರಣ್ಣ ವಿಷಯ ಕೇಳಿ ಟೀ ಲೋಟ ಮುಂದಿಟ್ಟ.

"ಅದ್ಕ್ಯಾಕಣ್ಣ ಯೋಚ್ನೆ? ದೊರೆ ಅಂದ್ಮೇಲೆ ಗಾಳಿ ಬೀಸೋರು ಬ್ಯಾಡ್ವಾ? ನಮ್ ತಾತ ಬೀಸ್ದ ಅಂತೀನಿ."

"ಅಷ್ಟೆಲ್ಲ ಬೇಡ ಕಣೋ."

"ನಿಮಗೋಸ್ಕರ ಇಷ್ಟೂ ಮಾಡ್ದಿದ್ರೆ ಎಂಗಣ್ಣ?"

ಅಲ್ಲಿಂದ ಖಾದರ್ ಬಾಷಾ ಅವರ ಮರಗೆಲಸದ ಅಂಗಡಿಗೆ. ಬಾಷಾ ಅವರು ಉಜ್ಜುಗೊರಡನ್ನು ಕೆಳಗಿಟ್ಟರು.

"ಆನಂದಪ್ಪ, ಆ ಕುರ್ಚಿ ನಾನೇ ಮಾಡಿದ್ದಲ್ವಾ? ನಮ್ ಮಗಳು ನಿಶಾತ್ ಹುಟ್ಟಿದ್ ವರ್ಷ."

"ಗೊತ್ತು ಭಾಯ್. ಇವತ್ತೊಂದ್ ದಿನ ಮರೆತುಬಿಡಿ."

ಬಾಷಾ ಅವರು ಆನಂದಪ್ಪನವರ ಊದಿದ ಪಾದಗಳನ್ನು ನೋಡಿ, ಕೂರಲು ಮಣೆ ಎಳೆದುಕೊಟ್ಟರು. "ಬೇರೇವ್ರ ಕೆಲ್ಸ ನಂದು ಅನ್ನೋರನ್ನ ನೋಡಿದೀನಿ. ನನ್ ಕೆಲ್ಸ ನಂದಲ್ಲ ಅಂತ ಹೇಳ್ಸೋರು ನೀವೊಬ್ರೇ."

ಸಂಜೆ ವಾಚನಾಲಯ ಸಂತೆಯಂತೆ ತುಂಬಿತು. ಒಬ್ಬರಿಗೆ ಫೋನ್ ಚಾರ್ಜ್ ಮಾಡಲು ಜಾಗ ಬೇಕು, ಇನ್ನೊಬ್ಬರಿಗೆ ಮಕ್ಕಳ ಕೋಣೆ ಬೇಕು, ಮತ್ತೊಬ್ಬರಿಗೆ ಈ ಎರಡೂ ಬೇಡ. ಕೊನೆಗೆ ಕುರ್ಚಿಯ ಸರದಿ ಬಂತು.

"ನೂರು ವರ್ಷದ ಮರ ಅದು," ಎಂದು ಬಾಷಾ ಅವರು ನೆಲ ನೋಡುತ್ತಾ ಹೇಳಿ ಕೂತರು.

ಬೈರಣ್ಣ ಎದ್ದ. "ನಮ್ ತಾತ ದೊರೆಗೆ ಗಾಳಿ ಬೀಸ್ದ. ಬೀಸಣಿಗೆ ಎಲ್ಲಿತ್ತು? ಟವೆಲ್ಲಲ್ಲೇ ಬೀಸಿದ್ದು. ಅಗೋ, ಕುರ್ಚಿ ಮ್ಯಾಲೈತಲ್ಲ, ಅದೇ ಟವೆಲ್ಲು."

ಆನಂದಪ್ಪನವರು ಬಾಯಿ ತೆರೆದರು.

ಅಷ್ಟರಲ್ಲಿ ಕುಬ್ರಾ ಟೀಚರ್ ಎದ್ದರು. ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ಸುಳ್ಳು ಹೇಳಿದ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವರು. ಸಾಕ್ಷಿ ಹೇಳಿ ಎಂದು ಅವರನ್ನು ಆನಂದಪ್ಪನವರು ಕೇಳಿಯೂ ಇರಲಿಲ್ಲ.

"ದೊರೆಸಾನಿ ನಮ್ ನಾನಿ ಹತ್ರ ನೀರು ಕೇಳಿ ಕುಡಿದಿದ್ರಂತೆ," ಎಂದು ಹೇಳಿ, ಆನಂದಪ್ಪನವರ ಕಡೆ ನೋಡದೆ ಸೆರಗು ಸರಿಮಾಡಿಕೊಂಡು ಕೂತರು.

ವನಿತಾಳ ಕಣ್ಣು ಒದ್ದೆಯಾಯಿತು. ತನ್ನ ದುಪಟ್ಟಾದಿಂದಲೇ ಅಡ್ಡಗೀಟು ಒರೆಸಿ ದೊಡ್ಡ ಸೊನ್ನೆ ಬರೆದಳು. ಜನ ಚಪ್ಪಾಳೆ ಹೊಡೆದರು. ಬೆಳಗಿನಿಂದ ಅಲೆದು ಕಾಲು ಮರಗಟ್ಟಿದ್ದ ಆನಂದಪ್ಪನವರು ಉಸ್ಸೆಂದು ಕುರ್ಚಿಯ ಕಡೆ ಹೆಜ್ಜೆ ಹಾಕಿದರು.

"ಅಂಕಲ್, ಕೂರ್ಬೇಡಿ," ವನಿತಾ ಮೆಲ್ಲನೆ ಅವರ ಕೈ ಹಿಡಿದಳು. "ಇಷ್ಟು ಚರಿತ್ರೆ ಇರೋ ಕುರ್ಚಿ ಮೇಲೆ ಇನ್ನು ಯಾರೂ ಕೂರೋ ಹಾಗಿಲ್ಲ. ಗಾಜಿನ ಪೆಟ್ಟಿಗೆ ಮಾಡಿಸ್ತೀವಿ."

ಬೈರಣ್ಣ ಉತ್ಸಾಹದಿಂದ ಅಂಗಡಿಯ ಹಗ್ಗ ತಂದು ಕುರ್ಚಿಯ ಸುತ್ತ ಕಟ್ಟಿಯೇಬಿಟ್ಟ.

"ನನ್ ಟವೆಲ್," ಎಂದರು ಆನಂದಪ್ಪನವರು.

"ಅದೂ ಪೆಟ್ಟಿಗೆಯೊಳಗೇ, ಅಂಕಲ್. ಆಮೇಲೆ ನಮ್ದೊಂದು ಕೋರಿಕೆ. ಇದರ ಕತೆ ನಿಮ್ಮಷ್ಟು ಚೆನ್ನಾಗಿ ಯಾರಿಗ್ ಗೊತ್ತು? ದಿನಾ ಇಲ್ಲೇ ನಿಂತ್ಕೊಂಡು ಬಂದವರಿಗೆ ಹೇಳ್ಬೇಕು."

ಮತ್ತೆ ಚಪ್ಪಾಳೆ. ಹೊರಗಿದ್ದವರೂ ಕುರ್ಚಿ ನೋಡಲು ಬಾಗಿಲಲ್ಲಿ ಮುಗಿಬಿದ್ದರು. ಕುಬ್ರಾ ಟೀಚರ್ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಬಗ್ಗಿಸಿ ಆನಂದಪ್ಪನವರ ಕೈಗಿತ್ತರು. ಆನಂದಪ್ಪನವರು ಇನ್ನೊಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಬರಿ ಹೆಗಲನ್ನೊಮ್ಮೆ ಮುಟ್ಟಿ ನೋಡಬೇಕೆನಿಸಿದರೂ ಸುಮ್ಮನಾಗಿ, ಹಳೇ ಕಂಡಕ್ಟರ್ ಗಂಟಲನ್ನು ಸರಿಮಾಡಿಕೊಂಡರು.

"ಬಾಗಿಲಲ್ಲಿ ನಿಲ್ಬೇಡಿ, ಒಳಗ್ ಬನ್ನಿ. ಮುಂದೆ ಹೋಗಿ, ಮುಂದೆ ಜಾಗ ಇದೆ."