ಹಾಡಿಗೊಂದು ಸಿನಿಮಾ ಹುಡುಕಿದ ಮಾವ

ಕುರುಗೋಡಿನ ನಮ್ಮ ಸೋದರಮಾವನ ಮನೆಯ ಟೀವಿಯಲ್ಲಿ ಇದುವರೆಗೆ ಯಾವ ಹೀರೋನೂ ತನ್ನ ಸ್ವಂತ ದನಿಯಲ್ಲಿ ಮಾತಾಡಿದ್ದಿಲ್ಲ! ಹೀರೋ ಬಾಯಿ ತೆರೆದರೆ ಶಹನಾಯಿ ಬರುತ್ತದೆ. ವಿಲನ್ ಮೀಸೆ ತಿರುವಿದರೆ ಸುಪ್ರಭಾತ ಕೇಳುತ್ತದೆ. ಟೀವಿ ಕೆಟ್ಟಿದೆಯೆಂದು ತಿಳಿದು ನೀವೇನಾದರೂ ರಿಮೋಟಿಗೆ ಕೈ ಹಾಕಿದಿರೋ, ಮುಗಿಯಿತು. ಆ ಮನೆಯ ಚಹಾ ನಿಮಗೆ ಈ ಜನ್ಮದಲ್ಲಿಲ್ಲ.

ಸಂಗತಿ ಇಷ್ಟೇ. ಮಾವನ ಪ್ರಕಾರ ಲೋಕದ ಪ್ರತಿಯೊಂದು ಹಾಡಿನ ಆಲ್ಬಮ್ಮಿಗೂ ಎಲ್ಲೋ ಒಂದು ಸಿನಿಮಾ ಜೋಡಿಯಾಗಿ ಹುಟ್ಟಿರುತ್ತದೆ. ಮಾಡಿದವರಿಗೆ ಒಬ್ಬರ ಗುರುತು ಒಬ್ಬರಿಗಿಲ್ಲ, ಭಾಷೆ ಬೇರೆ, ಊರು ಬೇರೆ. ಆದರೂ ಸಿನಿಮಾದ ದನಿ ಬಂದ್ ಮಾಡಿ, ಸೆನ್ಸಾರ್ ಸರ್ಟಿಫಿಕೇಟ್ ಪರದೆಯಿಂದ ಮಾಯವಾದ ಕ್ಷಣಕ್ಕೆ ಸರಿಯಾಗಿ ಆಲ್ಬಮ್ ಶುರು ಮಾಡಿದರೆ ಎರಡೂ ಒಂದಕ್ಕೊಂದು ಕೂಡಿ ನಡೆಯುತ್ತವಂತೆ!

ಮಾವ ಕುಡತಿನಿಯ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿದ್ದು ನಿವೃತ್ತರಾದವರು. ಅಲ್ಲಿ ಯಂತ್ರವನ್ನು ಹೊರಗಿನ ಲೈನಿಗೆ ಸೇರಿಸುವಾಗ ಗಡಿಯಾರದಂಥ ಒಂದು ಮೀಟರಿನಲ್ಲಿ ಮುಳ್ಳು ತಿರುಗುತ್ತಿರುತ್ತದಂತೆ. ಅದು ಹನ್ನೆರಡರ ಜಾಗಕ್ಕೆ ಬಂದಾಗಲೇ ಸ್ವಿಚ್ ಹಾಕಬೇಕು, ತುಸು ಹೆಚ್ಚುಕಮ್ಮಿಯಾದರೂ ಯಂತ್ರ ಗದಗದ ನಡುಗುತ್ತದೆ. ಪಿಂಚಣಿ ಶುರುವಾದರೂ ಮಾವನ ತಲೆಯೊಳಗಿನ ಆ ಮುಳ್ಳು ನಿಂತಿಲ್ಲ ನೋಡಿ! ಒಂದು ಕೈಯಲ್ಲಿ ಟೀವಿ ರಿಮೋಟು, ಇನ್ನೊಂದರಲ್ಲಿ ಸ್ಪೀಕರಿಗೆ ಹಾಡು ಹಾಕುವ ಮೊಬೈಲು, ಉಸಿರು ಬಿಗಿಹಿಡಿದು ಕೂತರೆ ಮನೆಯಲ್ಲಿ ಯಾರೂ ಸೀನಬಾರದು.

ನಾನು ಬಳ್ಳಾರಿಯಲ್ಲಿ ಕಾಲೇಜು ಮಾಸ್ತರ. ಒಂದು ಭಾನುವಾರ ಹೋದಾಗ ಮಾವ ತೆಲುಗು ಹೊಡೆದಾಟದ ಸಿನಿಮಾಕ್ಕೆ ಮದುವೆಯ ವಾಲಗದ ಆಲ್ಬಮ್ ಹಚ್ಚಿದ್ದರು.

"ನೋಡಲೇ, ಡೋಲು ಬಿದ್ದ ಕೂಡ್ಲೆ ಆಳು ಬೀಳತಾನ!"

"ಮಾವ, ಆ ಸಿನಿಮಾದಾಗ ಬೀಳೋದೇ ಅವರ ಉದ್ಯೋಗ. ಯಾವಾಗ ಬಾರಿಸಿದ್ರೂ ಒಬ್ಬ ಬಿದ್ದೇ ಬೀಳತಾನ."

"ಹೌದಾ? ಹಂಗಾರ ನೀನ ಬಾರಿಸು."

ಅಡುಗೆಮನೆಯಿಂದ ಸ್ಟೀಲಿನ ತಾಟು, ಸೌಟು ತಂದು ನನ್ನ ಕೈಗಿತ್ತರು. ನಾನೂ ಹಟಕ್ಕೆ ಬಿದ್ದು ಢಣ್ ಎಂದು ಬಾರಿಸಿದೆ. ಅಷ್ಟು ಹೊತ್ತೂ ಜನ ಉದುರುತ್ತಿದ್ದ ಪರದೆಯ ಮೇಲೆ ಅದೇ ಕ್ಷಣಕ್ಕೆ ಹೀರೋಯಿನ್ ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕತೊಡಗಬೇಕೇ! ಮತ್ತೆ ಬಾರಿಸಿದೆ, ಆಕೆ ಇನ್ನೊಂದು ಸುತ್ತು ಬಂದಳು. ಮಾವ ತಾಟು ಇಸಿದುಕೊಂಡು ಒಳಗಿಟ್ಟು ಬಂದರು, ಅಷ್ಟೇ.

ಇನ್ನೊಮ್ಮೆ ಬಾದನಹಟ್ಟಿಯ ಅವರ ಗೆಳೆಯರೊಬ್ಬರು ಒಣಮೆಣಸಿನಕಾಯಿ ಕೊಡಲು ಬಂದಿದ್ದರು. ಆಗ ನಡೆದಿದ್ದದ್ದು ದೆವ್ವದ ಸಿನಿಮಾ, ಕೇಳುತ್ತಿದ್ದದ್ದು ಸುಪ್ರಭಾತ. ದೇವರನ್ನು ಏಳು ಏಳು ಎಂದು ಕರೆಯುವ ಜಾಗಕ್ಕೆ ಸರಿಯಾಗಿ ಪರದೆಯಲ್ಲಿ ಹೆಣ ಎದ್ದು ಕೂತಿತು! ಆ ಮನುಷ್ಯ ಮೆಣಸಿನಕಾಯಿಯ ಚೀಲ ಅಲ್ಲೇ ಬಿಟ್ಟು ಹೊರಗೆ ಹೋದವರು ಚೀಲ ಕೇಳಲೂ ತಿರುಗಿ ಬರಲಿಲ್ಲ. ಇದನ್ನೂ ಮಾವ ತಮ್ಮ ಗೆಲುವಿನ ಲೆಕ್ಕಕ್ಕೇ ಹಾಕಿಕೊಂಡರು.

ಆದರೆ ಒಬ್ಬರು ಮಾತ್ರ ಎಂದೂ ಒಪ್ಪಿದ್ದಿಲ್ಲ. ನಮ್ಮ ಅತ್ತೆ. ಮಾವ ಎಷ್ಟೇ ಕುಣಿದಾಡಿ ತೋರಿಸಿದರೂ ಸೊಪ್ಪು ಸೋಸುತ್ತಾ ಒಂದೇ ತೀರ್ಪು ಕೊಡುತ್ತಿದ್ದರು: "ಅದು ಕೂಡಿಲ್ಲ ಬಿಡ್ರಿ, ನೀವು ಕೂಡಿಸೀರಿ."

ಮಾವನ ಮುಖ ಸಪ್ಪಗಾಗುತ್ತಿತ್ತು. "ಊರೆಲ್ಲಾ ನಗಲಿ, ನನಗೇನಲೇ! ನಿಮ್ಮ ಅತ್ತಿ ಒಮ್ಮೆ 'ಹೌದು' ಅನಬೇಕು, ನನಗಷ್ಟ ಸಾಕು" ಎನ್ನುತ್ತಿದ್ದರು.

ಅತ್ತೆಯ ಕತೆಯನ್ನೂ ಹೇಳಬೇಕು. ಅತ್ತೆ ತತ್ವಪದ ಹಾಡಲು ನಿಂತರೆ ಕುರುಗೋಡಿನ ಭಜನೆಯ ಹೆಂಗಸರೆಲ್ಲ ಅವರ ಹಿಂದೆ. ಅಂಥ ದನಿ! ಮಾವ ನಿವೃತ್ತರಾದ ವರ್ಷ ಅವರನ್ನು ಬಳ್ಳಾರಿಯ ಒಂದು ಸ್ಟುಡಿಯೋಕ್ಕೆ ಕರೆದೊಯ್ದು ಆಲ್ಬಮ್ ಮಾಡಿಸಿದರು. ಮೂರನೆಯ ಹಾಡಿನ ನಡುವೆ, ದನಿ ಮೇಲೇರುವ ಜಾಗದಲ್ಲೇ, ಅತ್ತೆಗೊಂದು ಕೆಮ್ಮು ಬಂದುಬಿಟ್ಟಿತು. "ಯಾರೂ ಗಮನಿಸಂಗಿಲ್ಲ ಬಿಡಮ್ಮ" ಎಂದ ಸ್ಟುಡಿಯೋದವ. ಎಲ್ಲರೂ ಅದನ್ನೇ ಗಮನಿಸಿದರು! ನೆಂಟರೆಲ್ಲ ಸೇರಿ ಮೊದಲ ಸಲ ಕೇಳಿದ ದಿನ, ನನ್ನ ಅಕ್ಕನ ಗಂಡ, ಸಿರುಗುಪ್ಪದ ಭತ್ತದ ವ್ಯಾಪಾರಿ ನಮ್ಮ ಭಾವ, "ಹಾಡು ಛಲೋ ಅದಾವ್ರಿ ಅತ್ತಿ, ಅದರಾಗ ಕೆಮ್ಮಂತೂ ಭಾಳ ಸ್ಪಷ್ಟ ಬಂದೈತಿ!" ಎಂದುಬಿಟ್ಟರು. ಮನೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆದರೆ ಆಮೇಲೆ ಭಜನೆಯಲ್ಲಿ ಹಿಂದಿನ ಸಾಲಿಗೆ ಹೋಗಿ ಕೂತು, ಬರೀ ತಾಳ ಹಾಕತೊಡಗಿದರು. ಮನೆಯಲ್ಲೂ ಹಾಡಲಿಲ್ಲ. ನನಗೆ ಬಹಳ ಸಂಕಟವಾಯಿತು.

"ಅತ್ತಿ, ಕಂಪ್ಯೂಟರ್‌ದಾಗ ಆ ಕೆಮ್ಮು ತೆಗದು ಕೊಡತೀನಿ" ಎಂದೆ.

"ಕೇಳಿದವರ ತಲಿಯಾಗಿಂದ ತೆಗಿಯಾಕ ಬರತೈತೇನೋ ತಮ್ಮಾ?" ಎಂದರು.

ಮಾವನಿಗೆ ಸಿನಿಮಾದ ಹುಚ್ಚು ಹಿಡಿದದ್ದು ಅದರ ಮರುತಿಂಗಳಿಂದ. ನಾವೆಲ್ಲ ಪಿಂಚಣಿಯ ಹುಚ್ಚು ಎಂದುಕೊಂಡೆವು. ಎಂಥ ಜಾಣರು ನಾವು!

ಮೊನ್ನೆ ಸಿರುಗುಪ್ಪದಲ್ಲಿ ಅಕ್ಕನ ಮೊಮ್ಮಗಳ ನಾಮಕರಣ. ಊಟವಾಗಿ, ಎಲೆಅಡಿಕೆಯಾಗಿ, ನೆಂಟರೆಲ್ಲ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದ ಹೊತ್ತಿಗೆ ಮಾವ ಚೀಲದಿಂದ ಸ್ಪೀಕರ್ ತೆಗೆದರು. "ಬಂತಪಾ!" ಎಂದರು ಭಾವ. ಪೆನ್‌ಡ್ರೈವ್ ಚುಚ್ಚಿದ ಟೀವಿಯಲ್ಲಿ ತೆಲುಗು ಸಿನಿಮಾ, ದನಿ ಬಂದ್. ಸರ್ಟಿಫಿಕೇಟ್ ಮಾಯವಾಯಿತು, ಮೊಬೈಲಿನ ಮೇಲೆ ಮಾವನ ಹೆಬ್ಬೆರಳು ಬಿತ್ತು. ಪಡಸಾಲೆಯ ತುಂಬ ಅತ್ತೆಯ ದನಿ!

"ಏನ್ ಮಾಡಾಕತ್ತೀರಿ? ಬಂದ್ ಮಾಡ್ರಿ ಮದ್ಲ!" ಅತ್ತೆ ಎದ್ದೇಬಿಟ್ಟರು. ನನ್ನ ಅವ್ವ ಸೆರಗು ಹಿಡಿದು ಕೂರಿಸಿದಳು.

ಮೊದಲ ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು. ಪರದೆಯಲ್ಲಿ ಎಮ್ಮೆಗಳು ಹೋದವು, ಯಾರೋ ಕಾರು ತೊಳೆದರು. "ಏನೂ ಕೂಡಲಿಲ್ಲಲ್ರಿ ಮಾವ" ಎಂದರು ಭಾವ ಆಕಳಿಸುತ್ತ. ಮಾವ ಪರದೆಯಿಂದ ಕಣ್ಣು ಕೀಳದೆ ಸ್ಪೀಕರನ್ನು ಟೀವಿಯ ಹತ್ತಿರಕ್ಕೆ ಸರಿಸಿದರು.

ಮೂರನೆಯ ಹಾಡು. ವಿಲನ್ ಬಾಳೆಎಲೆಯ ಮುಂದೆ ಕೂತಿದ್ದಾನೆ. ಪೊದೆಮೀಸೆ, ಕೊರಳಲ್ಲಿ ಬೆರಳು ದಪ್ಪದ ಸರ. ದೊಡ್ಡ ತುತ್ತೊಂದನ್ನು ಬಾಯಿಗಿಟ್ಟ. ಅತ್ತೆಯ ದನಿ ಮೇಲೇರತೊಡಗಿತು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಪರದೆಯಲ್ಲಿ ಬಾಗಿಲು ತೆರೆಯಿತು, ಹೊಸ್ತಿಲ ಮೇಲೆ ಹೀರೋ! ವಿಲನ್‌ಗೆ ತುತ್ತು ಗಂಟಲಲ್ಲಿ ಸಿಕ್ಕಿತು, ಬಾಯಿ ತೆರೆದ ನೋಡಿ, ಆ ಮೀಸೆಯ ಕೆಳಗಿಂದ ನಮ್ಮ ಅತ್ತೆಯ ಕೆಮ್ಮು ಹೊರಬಿತ್ತು!

ಪಡಸಾಲೆ ನಗೆಯಿಂದ ಸಿಡಿಯಿತು. ಭಾವ ಚಾಪೆಯ ಮೇಲೆ ಹೊರಳಾಡಿದರು. "ಮತ್ತೊಮ್ಮೆ ಹಾಕ್ರಿ ಮಾವ, ನಿಮ್ಮ ಕಾಲಿಗೆ ಬೀಳತೀನಿ!" ಕಣ್ಣು ಮುಚ್ಚಿದ್ದ ಅತ್ತೆಗೆ ಏನಾಯಿತೆಂದೇ ತಿಳಿದಿರಲಿಲ್ಲ. ಅವರಿಗಾಗಿ ಮತ್ತೆ ಹಚ್ಚಲಾಯಿತು. ನೋಡಿದರು. ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದೂ ಸಾಲದೆ ಅವ್ವನ ಹೆಗಲ ಮೇಲೆ ಬಿದ್ದು ನಕ್ಕರು. ಪ್ರತಿ ಸಲವೂ ಹಾಡಿನ ಮೊದಲಿಗೇ ಹೋಗಬೇಕೆಂದು ಮಾವನ ಹಟ. ಹೀಗಾಗಿ ಕೆಮ್ಮಿಗಾಗಿ ಕಾದವರೆಲ್ಲ ಹಾಡನ್ನೂ ಕೇಳಲೇಬೇಕಾಯಿತು. ನಾಲ್ಕನೆಯ ಸಲಕ್ಕೆ ಮೂಲೆಯಲ್ಲಿದ್ದ ಭಾವನ ತಾಯಿ ಗದರಿದರು: "ಏ, ಸಾಕ್ ಮಾಡ್ರಿ ನಿಮ್ಮ ನಗಿ! ಮುಂದಿನ ಪದ ಕೇಳಬೇಕು ನಾ. ಎಂಥಾ ದನಿ ಐತಿ ಆಕಿದು!"

ಪಡಸಾಲೆ ಸುಮ್ಮನಾಯಿತು. ಆಲ್ಬಮ್ ಕೊನೆಯವರೆಗೆ ನಡೆಯಿತು. ಮಾವ ಎದ್ದು ಅತ್ತೆಯ ಮುಂದೆ ನಿಂತರು, ರಿಸಲ್ಟ್ ಕೇಳುವ ಹುಡುಗನ ಹಾಗೆ.

"ಈಗ ಹೇಳು. ಕೂಡೇತೋ ಇಲ್ಲೋ?"

"ಹೌದ್ರೀ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಕೂಡೇತಿ."

ಮಾವ ರಿಮೋಟನ್ನು ತಲೆಯ ಮೇಲೆತ್ತಿದರು. ಚಪ್ಪಾಳೆ ಬೀದಿಗೆ ಕೇಳಿರಬೇಕು. ಭಾವ ಎದ್ದು ಅತ್ತೆಯ ಕಾಲು ಮುಟ್ಟಿ, "ಅತ್ತಿ, ಆವತ್ತು ನಾ ಹಂಗ ಅನಬಾರದಿತ್ರಿ" ಎಂದರು.

ಸಂಜೆ ಕುರುಗೋಡಿನ ಬಸ್ಸು ಹತ್ತಿದೆವು. ಮಾವ ಊರು ದಾಟುವವರೆಗೂ ಕಂಡಕ್ಟರನಿಗೆ ತಮ್ಮ ವಿಜಯದ ಕತೆ ಹೇಳಿದರು. ಗದ್ದೆಗಳು ಶುರುವಾದ ಮೇಲೆ ಕಿಟಕಿಯ ಪಕ್ಕದಲ್ಲಿದ್ದ ಅತ್ತೆ ಮೆಲ್ಲಗೆ ಗುನುಗತೊಡಗಿದರು. ಗುನುಗು ಹಾಡಾಯಿತು. ಮುಂದಿನ ಸೀಟಿನ ಹೆಂಗಸರು ತಿರುಗಿ ನೋಡಿದರು. ಅತ್ತೆ ನಿಲ್ಲಿಸಲಿಲ್ಲ, ದನಿ ಇನ್ನಷ್ಟು ಏರಿಸಿದರು.

ನಾನು ಮಾವನನ್ನು ತಿವಿದೆ. "ಮಾವ, ಮೊಬೈಲ್ ತೆಗೀರಿ! ಇದಕ್ಕ ಯಾವ ಸಿನಿಮಾ ಕೂಡತೈತಿ ನೋಡೂನು."

ಮಾವ ನನ್ನತ್ತ ತಿರುಗಲಿಲ್ಲ. ಅವರ ಗಲ್ಲ ಒದ್ದೆಯಾಗಿತ್ತು.

"ಸುಮ್ನ ಕುಂದ್ರಲೇ" ಎಂದರು. "ಮೂರು ವರ್ಷ ಆತು. ಕೇಳಾಕ ಬಿಡು."